ಜಾರಿಬಿದ್ದ ಲಿಂಗ, ಕಳೆದುಹೋದ ಸುರುಳಿ



ಕೈಗೆ ಬಂದದ್ದು ಕೈಜಾರಿ ಹೋದೀತೇ ಎಂಬ ಪ್ರಶ್ನೆ ಹಣದ ವಿಷಯದಲ್ಲಿ, ಹೊಲದ ವಿಷಯದಲ್ಲಿ ಎದ್ದರೆ ಅದಕ್ಕೆ ಉತ್ತರ ಹೇಳಲು ಪಂಡಿತರು ಬೇಕಿಲ್ಲ. ದೇವರ ಕೃಪೆಯ ವಿಷಯದಲ್ಲಿ ಎದ್ದರೆ ಮಾತ್ರ ಪಂಡಿತರೂ ತಡವರಿಸುತ್ತಾರೆ. ಕ್ರಿಸ್ತನನ್ನು ನಂಬಿ ರಕ್ಷಣೆ ಪಡೆದವನು ಆ ರಕ್ಷಣೆಯನ್ನು ಮುಂದೊಂದು ದಿನ ಕಳೆದುಕೊಳ್ಳಬಲ್ಲನೇ ಎಂಬುದು ಕ್ರೈಸ್ತ ಧರ್ಮದೊಳಗೆ ಬಹಳ ಹಿಂದಿನಿಂದ ನಡೆದು ಬಂದಿರುವ ಒಂದು ವಾದ. ಅದನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ಕ್ರೈಸ್ತನಲ್ಲ, ದೇವತಾಶಾಸ್ತ್ರ ಓದಿದವನೂ ಅಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಈ ವಾದ ಹಳೆಯ ಕನ್ನಡ ಗದ್ಯದ ಬಾಗಿಲಿನಿಂದಲೇ ನಮ್ಮ ನಾಡಿಗೆ ಬಂದದ್ದು. ಬಸವಣ್ಣನವರ ಹುಟ್ಟೂರೆಂದು ಹೆಸರಾದ ಬಾಗೇವಾಡಿಗೂ ಅವರು ಐಕ್ಯವಾದ ಕೂಡಲಸಂಗಮಕ್ಕೂ ನಡುವೆ ಬದುಕುವ ನಮ್ಮ ಮುದ್ದೇಬಿಹಾಳದವರಿಗೆ ಇದು ಪೂರಾ ಹೊರಗಿನ ಮಾತೂ ಅಲ್ಲ. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ‘ರಕ್ಷಣೆ’ ಎಂಬ ಪದವನ್ನೇ ನೋಡೋಣ. ಬೈಬಲನ್ನು ಕನ್ನಡಿಸಿದವರ ಮುಂದೆ ಮುಕ್ತಿ, ಮೋಕ್ಷ, ಕೈವಲ್ಯ ಮೊದಲಾದ ಸಿದ್ಧ ಶಬ್ದಗಳು ಸಾಲಾಗಿ ನಿಂತಿದ್ದವು. ಆದರೂ ಅವರ ಕೈ ಹೋದದ್ದು ‘ರಕ್ಷಣೆ’ಯ ಕಡೆಗೆ. ಇದು ಸಣ್ಣ ಆಯ್ಕೆಯಲ್ಲ. ಮೋಕ್ಷವೆಂದರೆ ಬಿಡುಗಡೆ, ಬಿಡುಗಡೆಯಾದವನು ಮರಳಿ ಬರುವುದಿಲ್ಲವೆಂಬುದು ನಮ್ಮ ದರ್ಶನಗಳ ಸಾಮಾನ್ಯ ನಂಬಿಕೆ. ಬಾದರಾಯಣರ ಬ್ರಹ್ಮಸೂತ್ರವಂತೂ ಮರಳುವಿಕೆಯಿಲ್ಲವೆಂಬ ಮಾತಿನಿಂದಲೇ ಮುಗಿಯುತ್ತದೆ. ಆದ್ದರಿಂದ ಮೋಕ್ಷ ಕಳೆದೀತೇ ಎಂದು ಯಾರೂ ಕೇಳುವುದಿಲ್ಲ. ರಕ್ಷಣೆ ಹಾಗಲ್ಲ. ನಮ್ಮ ಸೀಮೆಯ ಬಿಳಿಜೋಳದ ತೆನೆಯಲ್ಲಿ ಹಾಲು ತುಂಬಿದಾಗ ರೈತ ಅಟ್ಟದ ಮೇಲೆ ನಿಂತು ಕವಣೆ ಬೀಸುತ್ತಾನಲ್ಲ, ಅದು ರಕ್ಷಣೆ. ಅಲ್ಲಿ ಕಾಯುವವನೊಬ್ಬ ಬೇಕು, ಕಾಯಿಸಿಕೊಳ್ಳುವುದೊಂದು ಬೇಕು, ಅವೆರಡರ ನಡುವೆ ಹೊತ್ತುಹೊತ್ತಿಗೂ ನಡೆಯುತ್ತಿರುವ ಒಂದು ಸಂಬಂಧವೂ ಬೇಕು. ಸಂಬಂಧವೆಂದ ಮೇಲೆ ಅದು ಕಡಿದುಹೋದೀತೇ ಎಂಬ ಅಳುಕು ಅದರ ಬೆನ್ನಿಗೇ ಹುಟ್ಟುತ್ತದೆ. ಕನ್ನಡಿಸಿದವರಿಗೆ ಇದೆಲ್ಲ ಹೊಳೆದಿತ್ತೋ ಇಲ್ಲವೋ, ಅವರು ಆಯ್ದ ಪದವಂತೂ ಮೂಲದ ಭಾವಕ್ಕೆ ನಿಷ್ಠವಾಗಿದೆ.

ಕ್ರೈಸ್ತನ ರಕ್ಷಣೆಗೆ ಇನ್ನೂ ಒಂದು ವಿಶೇಷವಿದೆ. ಅದು ಸತ್ತ ಮೇಲೆ ಸಿಗುವ ಲೋಕ ಮಾತ್ರವಲ್ಲ, ಬದುಕಿರುವಾಗಲೇ ಸಿಕ್ಕುವಂಥದು. ಸಂತ ಪೌಲನ ಪತ್ರಗಳನ್ನು ವ್ಯಾಕರಣದ ಕಣ್ಣಿನಿಂದ ಓದಿದರೆ ಈ ಮಾತು ಮೂರು ಕಾಲಗಳಲ್ಲಿಯೂ ಕಾಣಸಿಗುತ್ತದೆ. ಎಫೆಸದವರಿಗೆ ಬರೆಯುವಾಗ ನೀವು ರಕ್ಷಣೆ ಹೊಂದಿದ್ದೀರಿ ಎನ್ನುತ್ತಾನೆ. ಕೊರಿಂಥದವರಿಗೆ ಬರೆಯುವಾಗ ರಕ್ಷಣೆ ಹೊಂದುತ್ತಿರುವ ನಾವು ಎನ್ನುತ್ತಾನೆ. ರೋಮಾಪುರದವರಿಗೆ ಬರೆಯುವಾಗ ಮುಂದೆ ರಕ್ಷಣೆ ಹೊಂದುವೆವು ಎನ್ನುತ್ತಾನೆ. ಭೂತಕಾಲವನ್ನೇ ಹಿಡಿದು ಕೂತವನಿಗೆ ಭಯವಿಲ್ಲ. ಭವಿಷ್ಯತ್ತನ್ನೇ ನೋಡುವವನಿಗೆ ನಿದ್ದೆಯಿಲ್ಲ. ಸಾವಿರದೈನೂರು ವರ್ಷಗಳಿಗೂ ಮಿಕ್ಕಿ ನಡೆದ ಜಗಳದಲ್ಲಿ ಅರ್ಧ ಪಾಲು ಒಬ್ಬನೇ ಬರೆದ ಕ್ರಿಯಾಪದಗಳ ಜಗಳ ಎಂದರೆ ಅತಿಯಾಗಲಾರದೇನೋ.

ಎರಡೂ ಪಕ್ಷಕ್ಕೆ ಆಧಾರಗಳುಂಟು. ಯೋಹಾನನ ಸುವಾರ್ತೆಯಲ್ಲಿ ಯೇಸು ತನ್ನ ಕುರಿಗಳನ್ನು ತನ್ನ ಕೈಯಿಂದ ಯಾರೂ ಕಸಿಯಲಾರರೆಂದು ಹೇಳುತ್ತಾನೆ. ಸಾವಾಗಲಿ ಜೀವವಾಗಲಿ ಮುಂದೆ ಬರುವ ಯಾವುದೇ ಆಗಲಿ ದೇವರ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದೆಂದು ಪೌಲನು ರೋಮಾಪುರದವರಿಗೆ ಬರೆಯುತ್ತಾನೆ. ಇಷ್ಟೇ ಇದ್ದಿದ್ದರೆ ವಾದಕ್ಕೆ ಎಡೆಯಿರಲಿಲ್ಲ. ಆದರೆ ಅದೇ ಪೌಲನು ಇತರರಿಗೆ ಸಾರಿದ ನಾನೇ ಕಡೆಗೆ ಅಯೋಗ್ಯನಾದೇನು ಎಂಬ ಎಚ್ಚರದಿಂದ ದೇಹವನ್ನು ಬಿಗಿಹಿಡಿದಿದ್ದೇನೆ ಎಂದೂ ಬರೆದಿದ್ದಾನೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯವಂತೂ ಬಹಳ ಕಠೋರ. ಒಮ್ಮೆ ಬೆಳಕು ಕಂಡು, ಸ್ವರ್ಗದ ವರವನ್ನು ರುಚಿ ನೋಡಿ, ಬಳಿಕ ಬಿದ್ದುಹೋದವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರುವುದು ಅಸಾಧ್ಯವೆಂದು ಅದು ಹೇಳುತ್ತದೆ. ಈ ಸಾಲುಗಳಿಂದ ನಿದ್ದೆಗೆಟ್ಟ ಕ್ರೈಸ್ತರ ಲೆಕ್ಕ ಇಟ್ಟವರಿಲ್ಲ.

ನಮ್ಮವರು ಈ ಬಗೆಯ ಪ್ರಶ್ನೆಯನ್ನು ಕೇಳಿಯೇ ಇಲ್ಲವೇ? ಕೇಳಿದ್ದಾರೆ. ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು ಯೋಗದಿಂದ ಜಾರಿದವನ ಗತಿಯೇನು, ಚೆದುರಿದ ಮೋಡದ ಹಾಗೆ ಅವನು ಎರಡೂ ಕಡೆಗೆ ಸಲ್ಲದೆ ಹೋಗುವನೇ ಎಂದು ಕೇಳುತ್ತಾನೆ. ಕೃಷ್ಣನ ಉತ್ತರ ಸಮಾಧಾನದ್ದು: ಒಳಿತನ್ನು ಮಾಡಿದವನಿಗೆ ದುರ್ಗತಿಯಿಲ್ಲ, ಮುಂದಿನ ಜನ್ಮದಲ್ಲಿ ಬಿಟ್ಟ ಕಡೆಯಿಂದಲೇ ಅವನು ಹಿಡಿಯುತ್ತಾನೆ. ಈ ಸಮಾಧಾನ ಕ್ರೈಸ್ತನಿಗೆ ದಕ್ಕುವಂತಿಲ್ಲ. ಅವನಿಗಿರುವುದು ಒಂದೇ ಜನ್ಮ, ಆಮೇಲೆ ತೀರ್ಪು. ಹಾದಿಯಲ್ಲಿ ಬಿದ್ದವನು ಬಿದ್ದಲ್ಲೇ ಸತ್ತರೆ ಮುಂದೇನು ಎಂಬ ಪ್ರಶ್ನೆಗೆ ಅವನಲ್ಲಿ ವಾಯಿದೆಯಿಲ್ಲ. ಈ ವಾದದ ಕಾವು ನಮಗೆ ಅರ್ಥವಾಗಬೇಕಾದರೆ ಈ ಒಂದು ಭೇದವನ್ನು ಮರೆಯಬಾರದು.

ಚರಿತ್ರೆಯಲ್ಲಿ ಈ ಪ್ರಶ್ನೆ ಮೊದಲು ಗ್ರಂಥಗಳಿಂದ ಎದ್ದದ್ದಲ್ಲ, ಭಯದಿಂದ ಎದ್ದದ್ದು. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೆಸಿಯಸ್ ಎಂಬವನು ಪ್ರಜೆಗಳೆಲ್ಲರೂ ರಾಜ್ಯದ ದೇವತೆಗಳಿಗೆ ಬಲಿಯರ್ಪಿಸಿ, ಅರ್ಪಿಸಿದ್ದಕ್ಕೆ ಅಧಿಕಾರಿಯಿಂದ ದಾಖಲೆಪತ್ರ ಪಡೆಯಬೇಕೆಂದು ಕಟ್ಟಪ್ಪಣೆ ಮಾಡಿದ. ಅಂಥ ಹಲವು ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಕೆಲವು ಕ್ರೈಸ್ತರು ಸತ್ತರು. ಬಹಳ ಮಂದಿ ಬಲಿ ಕೊಟ್ಟರು. ಇನ್ನು ಕೆಲವರು ನಮ್ಮ ಕಚೇರಿಗಳನ್ನು ಕಂಡವರಿಗೆ ಥಟ್ಟನೆ ಅರ್ಥವಾಗುವ ದಾರಿ ಹಿಡಿದರು: ಬಲಿಯನ್ನೂ ಕೊಡದೆ, ಲಂಚ ಕೊಟ್ಟು ಪತ್ರವನ್ನು ಮಾತ್ರ ಬರೆಸಿಕೊಂಡರು. ಹಾವಳಿ ಇಳಿದ ಮೇಲೆ ಇವರೆಲ್ಲರೂ ಅಳುತ್ತಾ ಸಭೆಯ ಬಾಗಿಲಿಗೆ ಬಂದರು. ರೋಮಿನ ನೊವೇಷಿಯನ್ ಎಂಬವನು ಇಂಥವರಿಗೆ ಕ್ಷಮೆ ಕೊಡುವ ಅಧಿಕಾರ ಸಭೆಗಿಲ್ಲವೆಂದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ತಾನೇ ಆ ಹಾವಳಿಯಲ್ಲಿ ತಲೆಮರೆಸಿಕೊಂಡಿದ್ದವನು. ಅವನು 251ರಲ್ಲಿ ಸಮ್ಮೇಳನ ಕರೆದು, ಪ್ರಾಯಶ್ಚಿತ್ತದ ಬಳಿಕ ತೆಗೆದುಕೊಳ್ಳಬಹುದೆಂದು ತೀರ್ಮಾನಿಸಿದ. ಪತ್ರ ಕೊಂಡವರಿಗೆ ಹಗುರದ ಪ್ರಾಯಶ್ಚಿತ್ತ, ಬಲಿ ಕೊಟ್ಟವರಿಗೆ ಕಠಿಣ. ಮುಂದೆ 258ರಲ್ಲಿ ಮತ್ತೊಂದು ಹಾವಳಿ ಬಂದಾಗ ಸಿಪ್ರಿಯನ್ ಓಡಿಹೋಗಲಿಲ್ಲ. ಅವನ ತಲೆ ಹಾರಿತು.

ಇದೇ ಕಥೆ ಸಾವಿರದೈನೂರು ವರ್ಷಗಳ ತರುವಾಯ ನಮ್ಮ ಕನ್ನಡ ನೆಲದಲ್ಲಿ ಮತ್ತೆ ನಡೆಯಿತು. ಎರಡನೆಯ ಮೈಸೂರು ಯುದ್ಧ ಮುಗಿಯುತ್ತಿದ್ದ 1784ರಲ್ಲಿ, ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಆರೋಪದ ಮೇಲೆ, ಟೀಪು ಸುಲ್ತಾನನು ಕರಾವಳಿಯ ಕೊಂಕಣಿ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಎಷ್ಟು ಮಂದಿ ಎಂಬುದರಲ್ಲಿ ಒಮ್ಮತವಿಲ್ಲ. 30,000ದಿಂದ 80,000ದವರೆಗೆ ಬೇರೆ ಬೇರೆ ಅಂದಾಜುಗಳಿವೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹಳ ಜನ ಸತ್ತರು. ಬದುಕಿದವರಲ್ಲಿ ಅನೇಕರಿಗೆ ಬಲವಂತದಿಂದ ಸುನ್ನತಿ ಮಾಡಿಸಿ ಬೇರೆ ಹೆಸರಿಡಲಾಯಿತು. ಟೀಪುವಿನ ಆಳ್ವಿಕೆಯ ಗುಣದೋಷಗಳ ತೀರ್ಪು ಹೇಳುವುದು ಇಂದಿನ ಕೆಲಸವಲ್ಲ. 1799ರ ಮೇ 4ರಂದು ಕೋಟೆ ಬಿದ್ದು ಅವನು ಮಡಿದ ಮೇಲೆ ಹೊರಬಂದ ಆ ಜನರನ್ನು ಏನೆಂದು ಕರೆಯಬೇಕು ಎಂಬುದಷ್ಟೇ ನಮ್ಮ ಪ್ರಶ್ನೆ. ಅವರು ಕ್ರೈಸ್ತರೋ ಅಲ್ಲವೋ? ಹದಿನೈದು ವರ್ಷ ಬೇರೊಂದು ವಿಧಿಯನ್ನು ಆಚರಿಸಿದವರ ರಕ್ಷಣೆ ಉಳಿದಿತ್ತೋ, ಅಳಿದಿತ್ತೋ?

ಅವರ ನಡುವೆ ಕೆಲಸಮಾಡಲು ಹೋದವನು ಫ್ರಾನ್ಸಿನ ಪಾದ್ರಿ ಅಬ್ಬೆ ದ್ಯುಬುವಾ. ನಮ್ಮ ಜನಜೀವನ, ಆಚಾರ ವಿಚಾರಗಳ ಮೇಲೆ ಅವನು ಬರೆದ ದೊಡ್ಡ ಗ್ರಂಥವನ್ನು ಇತಿಹಾಸ ಓದುವವರೆಲ್ಲ ಬಲ್ಲರು. 1792ರಲ್ಲಿ ಭಾರತಕ್ಕೆ ಬಂದು, ಮೈಸೂರು ಸೀಮೆಯಲ್ಲಿ ನಮ್ಮವರ ಉಡುಪು ತೊಟ್ಟು, ನಮ್ಮವರ ಊಟ ಉಂಡು ಬಾಳಿದವನು. ಸಿಡುಬಿಗೆ ಹಸುವಿನ ಸಿಡುಬಿನ ಲಸಿಕೆ ಹಾಕುವ ಕೆಲಸದಲ್ಲಿಯೂ ಆ ಸೀಮೆಯಲ್ಲಿ ಅವನ ಕೈಯಿದೆ. 1823ರಲ್ಲಿ ದೇಶ ಬಿಟ್ಟು ಹೋದ ವರ್ಷವೇ ಲಂಡನ್ನಿನಲ್ಲಿ ಭಾರತದ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತ ಅವನ ಪತ್ರಗಳು ಅಚ್ಚಾದವು. ಅದರಲ್ಲಿ ಈ ಸೆರೆಯ ಪ್ರಸಂಗ ಬರುತ್ತದೆ. ಇಷ್ಟು ಸಾವಿರ ಜನರಲ್ಲಿ ತನ್ನ ನಂಬಿಕೆಯನ್ನು ಎದುರಿಗೆ ನಿಂತು ಒಪ್ಪಿಕೊಂಡು ಪ್ರಾಣ ಕೊಟ್ಟವನು ಒಬ್ಬನೂ ಇರಲಿಲ್ಲವಲ್ಲ ಎಂದು ಅವನು ನಾಚಿಕೆಯಿಂದ ಕೂಗಿಕೊಳ್ಳುತ್ತಾನೆ. ಮತ್ತೆ ಅಂಥ ಕಾಲ ಬಂದರೆ ಇವರು ಮತ್ತೆ ಹಾಗೆಯೇ ಬಾಗುವರು, ದೇವರು ಇವರನ್ನು ಅಂಥ ಪರೀಕ್ಷೆಗೆ ಗುರಿಮಾಡದಿರಲಿ ಎಂದೂ ಸೇರಿಸುತ್ತಾನೆ.

ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಅದೇ ಕಾಲದಲ್ಲಿ ಸೆರೆಯಾಳಾಗಿದ್ದ ಇಂಗ್ಲಿಷ್ ನಾವಿಕ ಜೇಮ್ಸ್ ಸ್ಕರಿಯ ನೆನಪುಗಳಲ್ಲಿ ಎದುರು ನಿಂತು ಮೂಗು ಕಿವಿ ಕಳೆದುಕೊಂಡ ಕ್ರೈಸ್ತರೂ ಕಾಣಿಸುತ್ತಾರೆ. ಪ್ರಾಣಭಯವಿಲ್ಲದ ಮೇಜಿನ ಮುಂದೆ ಕುಳಿತು ಇನ್ನೊಬ್ಬನು ಸಾಯಲಿಲ್ಲವಲ್ಲ ಎಂದು ಬರೆಯುವುದು ಯಾವ ಕಾಲಕ್ಕೂ ಸುಲಭ. ಆದರೆ ದ್ಯುಬುವಾನ ಲೇಖನಿ ಒಂದು ಮಾಡಿದರೆ ಅವನ ಕೈ ಇನ್ನೊಂದು ಮಾಡಿತು. ಆ ಜನ ಮರಳಿ ಬಂದು, ನಾವು ಬಿಟ್ಟದ್ದು ಹೊರಗಿನದನ್ನು ಮಾತ್ರ, ಹೃದಯದಲ್ಲಿ ಹಳೆಯ ನಂಬಿಕೆಯನ್ನೇ ಇಟ್ಟುಕೊಂಡಿದ್ದೆವು ಎಂದರು. ಅಂಥವರಲ್ಲಿ ಸುಮಾರು ಎರಡು ಸಾವಿರ ಮಂದಿ ತನ್ನ ಬಳಿಗೇ ಬಂದರೆಂದೂ, ಹೆಚ್ಚು ಕಡಮೆ ಇಪ್ಪತ್ತು ಸಾವಿರ ಮಂದಿ ಮಂಗಳೂರು ಸೀಮೆಗೆ ಹಿಂದಿರುಗಿ ತಮ್ಮ ಹಳೆಯ ಗುಡಿಗಳನ್ನು ಮತ್ತೆ ಕಟ್ಟಿಕೊಂಡರೆಂದೂ ಅವನೇ ಬರೆದಿದ್ದಾನೆ. ಅವರಿಗೆ ಮತ್ತೆ ದೀಕ್ಷಾಸ್ನಾನ ಬೇಕಿರಲಿಲ್ಲ. ಕ್ಯಾಥೊಲಿಕ್ ಸಭೆಯ ಪ್ರಕಾರ ದೀಕ್ಷಾಸ್ನಾನದ ಮುದ್ರೆ ಒಮ್ಮೆ ಬಿದ್ದರೆ ಅಳಿಯುವುದಿಲ್ಲ. ಕೃಪೆ ಹೋಗಬಹುದು, ಪಾಪನಿವೇದನೆಯಿಂದ ಅದು ತಿರುಗಿ ಬರಬಹುದು. 1547ರಲ್ಲಿ ಟ್ರೆಂಟಿನ ಮಹಾಸಭೆ ಗೆರೆ ಎಳೆದದ್ದು ಹೀಗೆಯೇ. ಸಿಪ್ರಿಯನ್ ತೆರೆದ ಬಾಗಿಲಿನಿಂದಲೇ ಮಂಗಳೂರಿನವರು ಒಳಗೆ ಬಂದರು. ಆ ದಿನ ನೊವೇಷಿಯನ್ನನ ಮಾತು ನಡೆದಿದ್ದರೆ ಇಂದಿನ ಕರಾವಳಿಯ ಕ್ಯಾಥೊಲಿಕ್ ಸಮಾಜ ಏನಾಗುತ್ತಿತ್ತೆಂಬುದನ್ನು ಕೇಳುಗರೇ ಊಹಿಸಬಹುದು.

ಪ್ರಾಟೆಸ್ಟೆಂಟರಲ್ಲಿ ಈ ಗೆರೆ ನೇರವಾಗಿ ಹೋಗಲಿಲ್ಲ. ಲೂಥರನ ಕಡೆಯವರು 1530ರ ಆಗ್ಸ್‌ಬರ್ಗಿನ ನಂಬಿಕೆಪತ್ರದಲ್ಲಿ, ಒಮ್ಮೆ ನೀತಿವಂತನೆನಿಸಿದವನು ಪವಿತ್ರಾತ್ಮನನ್ನು ಕಳೆದುಕೊಳ್ಳಲಾರನೆಂಬ ಮಾತನ್ನು ತಳ್ಳಿಹಾಕಿದರು. ಕ್ಯಾಲ್ವಿನನ ಹಾದಿಯವರು 1618-19ರಲ್ಲಿ ಹಾಲೆಂಡಿನ ಡಾರ್ಟ್ ಪಟ್ಟಣದಲ್ಲಿ ಸೇರಿ, ದೇವರು ಆರಿಸಿಕೊಂಡವನು ಎಡವಿದರೂ ಕಡೆಗೆ ಕೆಡುವುದಿಲ್ಲವೆಂದು ಸಾರಿದರು. ಹಾಗಾದರೆ ಕಣ್ಣೆದುರಿಗೇ ನಂಬಿಕೆ ಬಿಟ್ಟು ಹೋಗುವವರು ಯಾರು? ಅವರು ಮೊದಲಿಗೂ ನಮ್ಮವರಾಗಿರಲಿಲ್ಲ, ಆಗಿದ್ದರೆ ಹೋಗುತ್ತಿರಲಿಲ್ಲ ಎಂಬುದು ಅವರ ಉತ್ತರ. ಯೋಹಾನನ ಮೊದಲ ಪತ್ರಿಕೆಯಲ್ಲಿ ಅದಕ್ಕೆ ಆಧಾರವಿದೆ. ಹದಿನೆಂಟನೆಯ ಶತಮಾನದಲ್ಲಿ ಜಾನ್ ವೆಸ್ಲಿ ಇದನ್ನು ಒಪ್ಪದೆ, ಬೀಳುವುದೂ ನಿಜ, ಎದ್ದು ಬರುವುದೂ ನಿಜ ಎಂದ. ಒಬ್ಬರು ಕಳೆಯಿತು ಎನ್ನುವುದನ್ನು ಇನ್ನೊಬ್ಬರು ಮೊದಲೇ ಇರಲಿಲ್ಲ ಎನ್ನುತ್ತಾರೆ. ಬೀದಿಯಲ್ಲಿ ನಿಂತು ನೋಡುವವನಿಗೆ ಕಾಣುವ ದೃಶ್ಯ ಮಾತ್ರ ಒಂದೇ. ಕ್ಯಾಲ್ವಿನನ ಸಿದ್ಧಾಂತ ಭಯವನ್ನು ಮುಂಬಾಗಿಲಿನಿಂದ ಹೊರಗೆ ಹಾಕಿತು, ಅದು ಹಿತ್ತಿಲ ಬಾಗಿಲಿನಿಂದ ಒಳಗೆ ಬಂತು: ನಿಜವಾದ ನಂಬಿಕೆ ಕೆಡುವುದಿಲ್ಲ ಸರಿ, ನನ್ನದು ನಿಜವಾದದ್ದೆಂದು ಹೇಗೆ ತಿಳಿಯಲಿ?

ಕನ್ನಡಕ್ಕೆ ಬಹಳ ಕೆಲಸ ಮಾಡಿದ ಬಾಸೆಲ್ ಮಿಷನ್ ಈ ಜಗಳದಲ್ಲಿ ಯಾರ ಪಕ್ಷವನ್ನೂ ಹಟದಿಂದ ಹಿಡಿಯಲಿಲ್ಲ. 1815ರಲ್ಲಿ ಹುಟ್ಟಿದ ಆ ಸಂಸ್ಥೆಯಲ್ಲಿ ಲೂಥರನ ಕಡೆಯ ಜರ್ಮನರೂ ಕ್ಯಾಲ್ವಿನನ ಕಡೆಯ ಸ್ವಿಸ್ಸರೂ ಒಟ್ಟಿಗೆ ಇದ್ದರು. 1834ರಲ್ಲಿ ಮಂಗಳೂರಿಗೆ ಬಂದು, ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಿಗೂ ಹಬ್ಬಿದ ಮೇಲೆ ಅವರಿಗೆ ಬೇಕಾದದ್ದು ವಾದಕ್ಕಿಂತ ಶಿಸ್ತು. ತಪ್ಪಿದವನನ್ನು ಪ್ರಭುಭೋಜನದಿಂದ ದೂರವಿಡುವುದು, ಪಶ್ಚಾತ್ತಾಪ ಪಟ್ಟರೆ ಸಭೆಯ ಮುಂದೆ ಮತ್ತೆ ಸೇರಿಸಿಕೊಳ್ಳುವುದು, ಇದು ಅವರ ಪದ್ಧತಿ. 1947ರಲ್ಲಿ ದಕ್ಷಿಣ ಭಾರತ ಸಭೆ ಕಟ್ಟಿಕೊಂಡಾಗಲಂತೂ ವೆಸ್ಲಿಯ ವಾರಸುದಾರರೂ ಕ್ಯಾಲ್ವಿನನ ವಾರಸುದಾರರೂ ಒಂದೇ ಪಂಕ್ತಿಗೆ ಕುಳಿತರು.

ಆದರೆ ಸಿದ್ಧಾಂತ ಪಂಕ್ತಿಯಲ್ಲಿ ತಣ್ಣಗಾದರೂ ಮನೆಗಳಲ್ಲಿ ತಣ್ಣಗಾಗುವುದಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು, ಕ್ರೈಸ್ತರು, ನನ್ನನ್ನು ನೋಡಲು ಬಂದಿದ್ದರು. ಅವರ ತಾಯಿ ಬದುಕೆಲ್ಲ ಭಕ್ತಿಯಿಂದ ನಡೆದವರು. ಮೊಮ್ಮಗನಿಗೆ ಜ್ವರ ಏರಿ ಬಿಡದಿದ್ದಾಗ ನೆರೆಮನೆಯವರ ಮಾತು ಕೇಳಿ ದರ್ಗಾಕ್ಕೆ ಹೋಗಿ ದಾರ ಕಟ್ಟಿಸಿಕೊಂಡು ಬಂದರಂತೆ. ಹುಡುಗ ಉಳಿದ. ಆ ಮುದುಕಿ ಅದೇ ವರ್ಷ ತೀರಿಕೊಂಡಳು. ಪ್ರಾರ್ಥನಾಕೂಟದ ಹಿರಿಯರೊಬ್ಬರು, ಆಕೆ ಕಡೆಗಾಲದಲ್ಲಿ ರಕ್ಷಣೆ ಕಳೆದುಕೊಂಡಳೆಂದು ಶೋಕದ ಮನೆಯಲ್ಲಿಯೇ ಆಡಿದರಂತೆ. “ಸರ, ಹಂಗಾರ ನಮ್ಮವ್ವ ಎಲ್ಲಿಗೆ ಹೋದ್ಳರಿ?” ಎಂದು ಐವತ್ತು ದಾಟಿದ ಆ ಮನುಷ್ಯ ನನ್ನನ್ನು ಕೇಳಿದರು. ಡಾರ್ಟಿನ ಸಭೆಯ ನಿರ್ಣಯವನ್ನು ಆಗ ಯಾರು ಹೇಳುತ್ತಾರೆ?

ನಾನು ಅವರಿಗೆ ನಮ್ಮ ಕಡೆಯ ಮಾತನ್ನೇ ಹೇಳಿದೆ. ಲಿಂಗದೀಕ್ಷೆ ಪಡೆದವನ ಕೊರಳಲ್ಲಿ ಶಿವದಾರ, ಕರಡಿಗೆಯೊಳಗೆ ಇಷ್ಟಲಿಂಗ. ಅದು ಜಾರಿ ಬಿದ್ದರೆ, ಹೊಳೆಯಲ್ಲಿ ಈಜುವಾಗ ಕಳೆದರೆ, ಕಳ್ಳನು ಕದ್ದರೆ ಏನು ಗತಿ? ಈ ಪ್ರಶ್ನೆ ವೀರಶೈವ ಸಾಹಿತ್ಯದಲ್ಲಿ ಸಣ್ಣದಲ್ಲ. ಲಿಂಗ ಹೋದ ಬಳಿಕ ಪ್ರಾಣವೂ ಹೋಗಬೇಕು, ಉಳಿದರೆ ಅವನು ಭವಿಯೇ ಎಂಬ ಕಟುನಿಷ್ಠೆಯೊಂದು ಇತ್ತು. ಸಿಗುವವರೆಗೆ ಅನ್ನನೀರು ಬಿಟ್ಟು ಹುಡುಕಬೇಕು, ಸಿಗದಿದ್ದರೆ ಗುರುವಿನ ಬಳಿ ಪ್ರಾಯಶ್ಚಿತ್ತ ಮಾಡಿಕೊಂಡು ಮತ್ತೆ ಪಡೆಯಬೇಕು ಎಂಬ ಮೃದುವಾದ ದಾರಿಯೂ ಇತ್ತು. ಇವೆರಡಕ್ಕಿಂತ ಆಳವಾದದ್ದು ಮೂರನೆಯದು: ಅಂಗೈಯ ಇಷ್ಟಲಿಂಗ ಒಳಗಿನ ಪ್ರಾಣಲಿಂಗದ ಕುರುಹು, ಕುರುಹು ಬಿದ್ದೀತು, ಪ್ರಾಣದಲ್ಲಿ ನೆಲೆಗೊಂಡದ್ದು ಎಲ್ಲಿಗೆ ಬೀಳಬೇಕು? ಹಾಗೆಂದು ವಚನಕಾರರೆಲ್ಲ ಇಷ್ಟು ಸುಲಭವಾಗಿ ಬಿಟ್ಟುಕೊಟ್ಟರೆಂದು ತಿಳಿಯಬೇಡಿ. ವ್ರತನಿಷ್ಠೆಗೆ ಹೆಸರಾದ ಅಕ್ಕಮ್ಮನ ವಚನಗಳನ್ನು ಓದಿ. ಮೈಮೇಲಿನ ಲಿಂಗ ಇದ್ದಲ್ಲೇ ಇದ್ದರೂ ನೇಮ ಮುರಿದವನ ಪಾಲಿಗೆ ಅದರ ತೇಜ ಆರಿಹೋಯಿತೆಂಬುದು ಆಕೆಯ ನಿಲುವು. ಅಂದರೆ ಕಳೆಯದೆಯೂ ಕಳೆದವನುಂಟು, ಕಳೆದೂ ಕಳೆಯದವನುಂಟು. ಗುರುತನ್ನೂ ಗುರುತಿನ ಹಿಂದಿರುವುದನ್ನೂ ಬೇರೆ ಮಾಡಿ ನೋಡುವ ಈ ವಿವೇಕ ಹನ್ನೆರಡನೆಯ ಶತಮಾನದಿಂದಲೂ ನಮ್ಮ ಭಾಷೆಯಲ್ಲಿದೆ. ಶ್ರೀರಂಗಪಟ್ಟಣದ ಆ ಜನ ದ್ಯುಬುವಾನ ಮುಂದೆ ಹೇಳಿದ್ದೂ ಬೇರೆ ಮಾತಿನಲ್ಲಿ ಇದನ್ನೇ.

ಶ್ರೀವೈಷ್ಣವರ ಕಪಿಮರಿ ಮತ್ತು ಬೆಕ್ಕಿನ ಮರಿಯ ದೃಷ್ಟಾಂತಗಳನ್ನೂ ಇಲ್ಲಿ ನೆನೆಯಬಹುದು. ಕಪಿಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿ ಹಿಡಿಯಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಎತ್ತುತ್ತದೆ. ವಡಗಲೆಯವರಿಗೆ ಮೊದಲನೆಯದು, ತೆಂಗಲೆಯವರಿಗೆ ಎರಡನೆಯದು. ಜರ್ಮನಿಯ ರುಡಾಲ್ಫ್ ಆಟೊನಂಥ ಪಂಡಿತರು ಇದರಲ್ಲಿ ತಮ್ಮ ನಾಡಿನ ಕೃಪಾವಾದದ ನೆರಳನ್ನೇ ಕಂಡು ಬೆರಗಾದರು. ಆ ಚರ್ಚೆಯನ್ನು ಬೆಳೆಸಲು ಇದು ಸಮಯವಲ್ಲ. ಕೃಪೆಯನ್ನು ನಂಬಿದ ಯಾವ ಪಂಥಕ್ಕೂ ಹಿಡಿತ ಯಾರದೆಂಬ ಪ್ರಶ್ನೆ ತಪ್ಪಿದ್ದಲ್ಲವೆಂಬುದಕ್ಕೆ ಇದು ಸಾಕ್ಷಿ, ಅಷ್ಟೆ.

ಈಗ ಹಳೆಯ ಗದ್ಯಕ್ಕೆ ಬರುತ್ತೇನೆ. ಜಾನ್ ಬನಿಯನ್ ಎಂಬ ಇಂಗ್ಲಿಷ್ ಕುಲುಮೆಗಾರ, ಪಾತ್ರೆಗೆ ತೇಪೆ ಹಾಕಿ ಬದುಕಿದವನು, ಅನುಮತಿಯಿಲ್ಲದೆ ಉಪದೇಶ ಮಾಡಿದ್ದಕ್ಕೆ ಹನ್ನೆರಡು ವರ್ಷ ಸೆರೆಯಲ್ಲಿದ್ದ. ಅವನ ಯಾತ್ರೆಯ ರೂಪಕ ಕಥೆ 1678ರಲ್ಲಿ ಪ್ರಕಟವಾಯಿತು. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಿಂದ ಕನ್ನಡಕ್ಕೆ ಬಂತು. ಕನ್ನಡ ಕಾದಂಬರಿಯ ಪೂರ್ವರಂಗವನ್ನು ಹೇಳುವವರು ಇದರ ಹೆಸರನ್ನು ಹೇಳಿ ಮುಂದೆ ಸಾಗಿಬಿಡುತ್ತಾರೆ. ಒಳಗೆ ಇಳಿದು ಓದುವವರು ಕಡಿಮೆ. ಬನಿಯನ್ ಕ್ಯಾಲ್ವಿನನ ಪಕ್ಷದವನು. ದೇವರು ಹಿಡಿದವನನ್ನು ಬಿಡುವುದಿಲ್ಲವೆಂಬುದು ಅವನ ಸಿದ್ಧಾಂತ. ಆದರೆ ಅವನ ಆತ್ಮಕಥೆಯನ್ನು ಓದಿದರೆ ತಿಳಿಯುತ್ತದೆ, ತಾನು ಕ್ರಿಸ್ತನನ್ನು ಮಾರಿಬಿಟ್ಟೆನೆಂಬ ಭ್ರಮೆ ವರ್ಷಗಟ್ಟಲೆ ಅವನನ್ನು ಸುಟ್ಟಿತ್ತು. ಒಂದು ಹೊತ್ತಿನ ಊಟಕ್ಕೆ ಚೊಚ್ಚಲ ಮಗನ ಹಕ್ಕನ್ನು ಮಾರಿಕೊಂಡ ಏಸಾವನ ಕಥೆ ಅವನನ್ನು ಬೆನ್ನುಹತ್ತಿತ್ತು. ನಂಬಿಕೆಯನ್ನು ಅಲ್ಲಗಳೆದು ಹತಾಶೆಯಲ್ಲಿ 1548ರಲ್ಲಿ ಸತ್ತ ಇಟಲಿಯ ಫ್ರಾನ್ಸಿಸ್ ಸ್ಪೈರಾನ ವೃತ್ತಾಂತ ಅವನಿಗೆ ಗಾಯಕ್ಕೆ ಉಪ್ಪಿನಂತೆ ಆಯಿತು. ಅಂಥವನು ಕಥೆ ಬರೆದಾಗ ಸಿದ್ಧಾಂತವೊಂದೇ ಮಾತನಾಡುವುದಿಲ್ಲ, ಸುಟ್ಟ ಮೈಯೂ ಮಾತನಾಡುತ್ತದೆ.

ಕಥೆಯಲ್ಲಿ ಯಾತ್ರಿಕನಿಗೆ ಶಿಲುಬೆಯ ಬಳಿ ಮುದ್ರೆಯೊತ್ತಿದ ಒಂದು ಸುರುಳಿ ಸಿಗುತ್ತದೆ. ದಾರಿಯಲ್ಲಿ ಓದಿಕೊಳ್ಳಬೇಕು, ಕಡೆಯ ಬಾಗಿಲಲ್ಲಿ ಕೊಡಬೇಕು. ಕಷ್ಟದ ಗುಡ್ಡವನ್ನು ಏರುವಾಗ ನಡುವೆ ಒಂದು ನೆರಳಿನ ಚಪ್ಪರ ಕಂಡು ಅವನು ಮಲಗುತ್ತಾನೆ. ನಿದ್ದೆಯಲ್ಲಿ ಸುರುಳಿ ಕೈಜಾರುತ್ತದೆ. ಮೇಲೇರಿದ ಮೇಲೆ ಮುಂದೆ ಸಿಂಹಗಳಿವೆಯೆಂದು ಕೇಳಿ ಹೆದರಿ, ಧೈರ್ಯಕ್ಕಾಗಿ ಎದೆಯ ಬಳಿ ಕೈ ಇಟ್ಟು ನೋಡಿದರೆ ಇಲ್ಲ! ನಡೆದ ದಾರಿಯನ್ನೇ ಅಳುತ್ತಾ ಹಿಂದಕ್ಕೆ ನಡೆದು, ಕುಳಿತಿದ್ದ ಕಟ್ಟೆಯ ಕೆಳಗೆ ಅದನ್ನು ಕಂಡು ಎದೆಗೆ ಅವುಚಿಕೊಳ್ಳುತ್ತಾನೆ. ನಮ್ಮ ಸೀಮೆಯ ಓದುಗನಿಗೆ ಇಲ್ಲಿ ಕರಡಿಗೆ ಕಳೆದುಕೊಂಡವನು ನೆನಪಾಗದೆ ಇರುವುದಿಲ್ಲ. ಅವನು ಕಳೆದುಕೊಂಡದ್ದು ರಕ್ಷಣೆಯನ್ನೇ? ಅಲ್ಲ, ತಾನು ರಕ್ಷಿತನೆಂಬ ಭರವಸೆಯನ್ನು. ಅವನು ಮಲಗಿದ್ದಾಗಲೂ, ಕೈ ಬರಿದಾಗಿದ್ದಾಗಲೂ ಯಾತ್ರಿಕನೇ ಆಗಿದ್ದ. ಆದರೆ ನಿದ್ದೆಗೆ ದಂಡವಿಲ್ಲದೆ ಹೋಗಲಿಲ್ಲ. ಒಂದೇ ದಾರಿಯನ್ನು ಮೂರು ಸಲ ತುಳಿಯಬೇಕಾಯಿತು, ಕತ್ತಲಾಯಿತು.

ಅದೇ ಕಥೆಯಲ್ಲಿ ಕಬ್ಬಿಣದ ಪಂಜರದೊಳಗೆ ಕುಳಿತ ಮನುಷ್ಯನೊಬ್ಬನಿದ್ದಾನೆ. ಒಂದು ಕಾಲಕ್ಕೆ ಭಕ್ತನೆನಿಸಿದ್ದವನು, ಈಗ ತನಗೆ ಪಶ್ಚಾತ್ತಾಪ ಸಾಧ್ಯವೇ ಇಲ್ಲ ಎನ್ನುತ್ತಾನೆ. ಅವನ ಮಾತು ನಿಜವೇ, ಅಥವಾ ಆ ಮಾತೇ ಪಂಜರವೇ ಎಂಬುದನ್ನು ಬನಿಯನ್ ಹೇಳದೆ ಬಿಡುತ್ತಾನೆ. ಕಡೆಯಲ್ಲಿ ಬರುವ ಅಜ್ಞಾನನೆಂಬವನ ಕಥ��� ಬೇರೆ. ಅವನು ಒಂದು ದಿನವೂ ಹೆದರಿದವನಲ್ಲ. ಹುಸಿಯಾಸೆ ಎಂಬ ಅಂಬಿಗನ ದೋಣಿಯಲ್ಲಿ ಸುಖವಾಗಿ ಹೊಳೆ ದಾಟಿ ಬಾಗಿಲಿಗೆ ಬರುತ್ತಾನೆ. ಸುರುಳಿ ಕೇಳಿದರೆ ತಡಕಾಡುತ್ತಾನೆ. ಸ್ವರ್ಗದ ಬಾಗಿಲಿನಿಂದಲೂ ಕೆಳಗಿನ ಲೋಕಕ್ಕೆ ದಾರಿಯಿತ್ತೆಂದು ಕನಸು ಕಂಡವನು ಆಗ ತಿಳಿಯುತ್ತಾನೆ.

ನನಗೆ ತೋರುವುದಿಷ್ಟು. ಬೈಬಲಿನ ಎರಡು ಬಗೆಯ ಮಾತುಗಳು ಎರಡು ಬಗೆಯ ಕಿವಿಗಳಿಗಾಗಿ ಆಡಿದವು. ಯಾರೂ ಕಸಿಯಲಾರರೆಂಬುದು ನಡುಗುವವನಿಗೆ. ಬಿದ್ದವನು ಏಳಲಾರನೆಂಬುದು ತೂಕಡಿಸುವವನಿಗೆ. ಒಬ್ಬನ ಔಷಧವನ್ನು ಇನ್ನೊಬ್ಬನಿಗೆ ಕುಡಿಸಿದರೆ ಅದು ವಿಷ. ಆ ಶೋಕದ ಮನೆಯಲ್ಲಿ ಆದದ್ದು ಅದೇ. ಇಬ್ರಿಯರ ಪತ್ರಿಕೆಯ ಲೇಖಕನೇ ಆ ಕಠಿಣ ಮಾತು ಮುಗಿಸಿದ ಒಡನೆ, ಪ್ರಿಯರೇ, ನಿಮ್ಮ ವಿಷಯದಲ್ಲಿ ನಮಗಿರುವ ಭರವಸೆ ಇದಕ್ಕಿಂತ ಒಳ್ಳೆಯದು ಎಂಬ ಅರ್ಥದ ಮಾತನ್ನು ಸೇರಿಸಿದ್ದಾನೆ. ಹೆದರಿಸುವವರು ಅಲ್ಲಿಯವರೆಗೆ ಓದುವುದಿಲ್ಲ. ಪೇತ್ರನನ್ನು ನೋಡಿ. ಮಹಾಯಾಜಕನ ಅಂಗಳದಲ್ಲಿ ಕೆಂಡದ ಬೆಂಕಿಗೆ ಮೈ ಕಾಸುತ್ತಾ ಯೇಸುವನ್ನು ಅರಿಯೆನೆಂದು ಮೂರು ಸಲ ಹೇಳಿದವನು ಅವನು. ಯೋಹಾನನ ಸುವಾರ್ತೆಯ ಕಡೆಯ ಅಧ್ಯಾಯದಲ್ಲಿ, ಸರೋವರದ ದಡದಲ್ಲಿ, ಮತ್ತೊಂದು ಕೆಂಡದ ಬೆಂಕಿಯ ಬಳಿ ಯೇಸು ಅವನನ್ನು ಮೂರೇ ಸಲ ಕೇಳುತ್ತಾನೆ. ಕೇಳುವುದು ಏಕೆ ಅಲ್ಲಗಳೆದೆ ಎಂದಲ್ಲ, ನನ್ನನ್ನು ಪ್ರೀತಿಸುತ್ತೀಯಾ ಎಂದು. ಎರಡು ಬೆಂಕಿಗೂ ಒಂದೇ ಶಬ್ದವನ್ನು ಬಳಸಿದ ಆ ಸುವಾರ್ತೆಕಾರನಿಗೆ ಕಥೆ ಹೇಳುವ ಕಲೆ ಚೆನ್ನಾಗಿ ಗೊತ್ತಿತ್ತು.

ನಮ್ಮೂರಿನಿಂದ ಕೃಷ್ಣೆಯನ್ನು ದಾಟಿ ಹೋದರೆ ಸಿಗುವ ಮುದಗಲ್ಲಿನಲ್ಲಿ ಆದಿಲಶಾಹಿಯ ಕಾಲದಿಂದಲೂ ಕ್ಯಾಥೊಲಿಕ್ ಮನೆತನಗಳಿವೆ. ರಾಜ್ಯಗಳು ಬಂದುವು, ಹೋದುವು. ಆ ಮನೆತನಗಳು ಉಳಿದುವು. ಅಷ್ಟು ತಲೆಮಾರುಗಳಲ್ಲಿ ಎಷ್ಟು ಜನ ಹೆದರಿದರೋ, ಎಷ್ಟು ಜನ ನೆರೆಮನೆಯ ದಾರ ಕಟ್ಟಿಕೊಂಡರೋ ಯಾವ ದಫ್ತರದಲ್ಲಿಯೂ ಬರೆದಿಲ್ಲ.

ಬನಿಯನ್ 1684ರಲ್ಲಿ ತನ್ನ ಕಥೆಯ ಎರಡನೆಯ ಭಾಗವನ್ನು ಬರೆದ. ಅಷ್ಟರಲ್ಲಿ ಅವನಿಗೆ ವಯಸ್ಸಾಗಿತ್ತು, ಸಭೆಯೊಂದರ ಪಾಲಕನಾಗಿ ಬಗೆಬಗೆಯ ಜನರನ್ನು ಕಂಡಿದ್ದ. ಅದರಲ್ಲಿ ಅಂಜುಬುರುಕನೆಂಬ ಯಾತ್ರಿಕನ ವೃತ್ತಾಂತ ಬರುತ್ತದೆ. ಆ ಮನುಷ್ಯನಿಗೆ ಗುಡ್ಡಗಳ ಭಯವಿರಲಿಲ್ಲ, ಸಿಂಹಗಳ ಭಯವಿರಲಿಲ್ಲ. ತನ್ನನ್ನು ಕಡೆಗೆ ಒಳಗೆ ಸೇರಿಸಿಕೊಳ್ಳುವುದಿಲ್ಲವೇನೋ ಎಂಬ ಒಂದೇ ಭಯ. ಕೆಸರಿನ ಬಳಿ ಒಂದು ತಿಂಗಳಿಗೂ ಮಿಕ್ಕಿ ನಿಂತ. ಬಾಗಿಲ ಬಳಿ ಬಂದು ತಟ್ಟಲು ಧೈರ್ಯ ಸಾಲದೆ ಬೇರೆಯವರಿಗೆ ದಾರಿ ಬಿಟ್ಟು ಚಳಿಯಲ್ಲಿ ನಡುಗುತ್ತಾ ನಿಂತ. ಕಡೆಗೆ ಹೊಳೆಯ ದಡಕ್ಕೆ ಬಂದಾಗಲೂ, ಇನ್ನು ಮುಳುಗಿಯೇ ಹೋಗುತ್ತೇನೆ, ಇಷ್ಟು ದೂರ ಯಾರನ್ನು ನೋಡಲು ಬಂದೆನೋ ಆ ಮುಖವನ್ನು ಕಾಣಲಾರೆ ಎಂದು ಅತ್ತ. ಆ ದಿನ ಹೊಳೆಯಲ್ಲಿ ನೀರು ಹಿಂದೆಂದೂ ಕಾಣದಷ್ಟು ಇಳಿದಿತ್ತಂತೆ. ಅಂಗಾಲು ನೆನೆದದ್ದಕ್ಕಿಂತ ಹೆಚ್ಚಾಗಿ ಅವನು ನೆನೆಯಲಿಲ್ಲವಂತೆ.